ಸರ್ ಥಾಮಸ್ ಮನ್ರೋ ಅವರ ಸಮಾಧಿಯ ಬಳಿ

ಘಟ್ಟದ ಬುಡದ ನೆರಿಯ ಗ್ರಾಮದಿಂದ ಬಂದು ಈ ಶಾಲೆಯಲ್ಲಿ ವಿದ್ಯೆ ಕಲಿತ ನಾವು, ಚೆನ್ನೈಗೆ ಹೋಗಿದ್ದಾಗ ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ದೇವಾಲಯವನ್ನು ಸಂದರ್ಶಿಸಿದೆವು. 1680ರಲ್ಲಿ ಪ್ರತಿಷ್ಠೆಗೊಂಡ ಆ ದೇವಾಲಯದಲ್ಲಿ, ನಮ್ಮ ಜಿಲ್ಲೆಯನ್ನು ಒಮ್ಮೆ ಆಳಿದ ಸರ್ ಥಾಮಸ್ ಮನ್ರೋ ಅವರ ಸಮಾಧಿಯಿದೆ.

ಮನ್ರೋ ಅವರು 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಜನಿಸಿದರು. 1780ರಲ್ಲಿ ಸಾಮಾನ್ಯ ಸೈನಿಕ ಅಭ್ಯರ್ಥಿಯಾಗಿ ಮದರಾಸಿಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಕೆನರಾ ಸೀಮೆಯು ಕಂಪೆನಿಯ ವಶವಾದಾಗ, ಅವರನ್ನು ಇಲ್ಲಿನ ಕಲೆಕ್ಟರರನ್ನಾಗಿ ಕಳುಹಿಸಲಾಯಿತು. ಮನಸ್ಸಿಲ್ಲದೆ ಬಂದರೂ ಅವರು ಹಳೆಯ ಕಡತಗಳನ್ನು ಶೋಧಿಸಿ, ಇಲ್ಲಿನ ಒಕ್ಕಲಿಗರಿಗೆ ಭೂಮಿಯ ಸ್ವಾಮ್ಯವು ಬಹುಕಾಲದಿಂದ ಇದ್ದುದನ್ನು ಕಂಡುಕೊಂಡರು. ಆದರೆ ಆ ದಿನಗಳು ಶಾಂತಿಯವಲ್ಲ. ನಮ್ಮ ನೆರೆಯ ವಿಟ್ಲದ ಹೆಗ್ಗಡೆಯವರು ಕಂಪೆನಿಯ ವಿರುದ್ಧ ಎದ್ದು, 1800ರಲ್ಲಿ ಸೆರೆಸಿಕ್ಕಿ ಗಲ್ಲಿಗೇರಿದರು. ಹೊಗಳುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

1820ರಲ್ಲಿ ಮನ್ರೋ ಅವರು ಮದರಾಸಿನ ಗವರ್ನರರಾದರು. ಜನರ ವಿದ್ಯಾಸ್ಥಿತಿಯನ್ನು ಅರಿಯದೆ ಆಳುವುದು ಸಲ್ಲದೆಂದು ಬಗೆದು, 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳನ್ನೂ ವಿದ್ಯಾರ್ಥಿಗಳನ್ನೂ ಎಣಿಸಲು ಆಜ್ಞಾಪಿಸಿದರು. 1826ರಲ್ಲಿ ಅವರು ಬರೆದ ಟಿಪ್ಪಣಿಯಂತೆ, ಸುಮಾರು ಒಂದು ಕೋಟಿ ಇಪ್ಪತ್ತೆಂಟು ಲಕ್ಷ ಜನರಿಗೆ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರು. ಹುಡುಗಿಯರ ಸಂಖ್ಯೆಯು ಅತ್ಯಲ್ಪವಾಗಿತ್ತು. ನಮ್ಮ ಕೆನರಾದ ಅಧಿಕಾರಿಯಾದರೋ, ಇಲ್ಲಿ ಮಕ್ಕಳಿಗೆ ಮನೆಯಲ್ಲಿಯೇ ಪಾಠವಾಗುತ್ತದೆಂದು ತಿಳಿಸಿ, ಲೆಕ್ಕವನ್ನೇ ಒದಗಿಸಲಿಲ್ಲ. ಪ್ರತಿ ತಾಲೂಕಿಗೂ ಒಂದು ಶಾಲೆ ಬೇಕೆಂದು ಮನ್ರೋ ಅವರು ಯೋಜಿಸಿದರು. ಅದು ನೆಲೆಗೊಳ್ಳುವ ಮೊದಲೇ, 1827ರ ಜುಲೈ 6ರಂದು ಸಂಚಾರದಲ್ಲಿದ್ದಾಗ ಪತ್ತಿಕೊಂಡದಲ್ಲಿ ವಾಂತಿಭೇದಿ ರೋಗದಿಂದ ತೀರಿಕೊಂಡರು. ಗುತ್ತಿಯಲ್ಲಿ ಹೂಳಲಾದ ದೇಹವನ್ನು 1831ರಲ್ಲಿ ಮದರಾಸಿಗೆ ತಂದು ಈ ದೇವಾಲಯದಲ್ಲಿ ಇರಿಸಿದರು.

ಆ ಸಮಾಧಿಯ ಬಳಿ ನಿಂತಾಗ ನಮಗೆ ನಮ್ಮ ಅಜ್ಜಿಯಂದಿರ ನೆನಪಾಯಿತು. ಅವರ ಹಿರಿಯರಲ್ಲಿ ಯಾರು ಓದಬಲ್ಲವರಾಗಿದ್ದರು, ಯಾರಿಗೆ ಆಸೆಯಿದ್ದೂ ಅವಕಾಶ ದೊರೆಯಲಿಲ್ಲ ಎಂಬುದು ಆ ಲೆಕ್ಕದಲ್ಲಿಲ್ಲ. ಗವರ್ನರರು ಕೇಳಿದರೂ ನಮ್ಮ ಸೀಮೆಯ ಹೆಣ್ಣುಮಕ್ಕಳ ಸಂಖ್ಯೆಯು ಕಾಗದಕ್ಕೆ ಏರಲಿಲ್ಲ. ಇಂದು ನಮ್ಮ ಹೆಸರುಗಳು ಈ ಶಾಲೆಯ ಹಾಜರಿ ಪುಸ್ತಕದಲ್ಲಿವೆ. ಅದು ಅಲ್ಪ ಭಾಗ್ಯವಲ್ಲ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಾತಾಪಿತೃಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮನೆತನದಲ್ಲಿ ಮೊದಲು ಶಾಲೆಯ ಮೆಟ್ಟಲು ಹತ್ತಿದ ಹೆಣ್ಣುಮಗಳು ಯಾರೆಂದು ಹಿರಿಯರನ್ನು ಕೇಳಿ, ಆಕೆಯ ಹೆಸರನ್ನು ಬರೆದಿಡಿರಿ. ಕೇಳಲು ತಡಮಾಡಿದರೆ ಹೇಳುವವರು ಉಳಿಯುವುದಿಲ್ಲ.