ಮಾಲ್ಪೀಗಿ: ಮೂತ್ರಪಿಂಡದೊಳಗೆ ಇಣುಕಿದವನು

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ನಾನು ಚರಿತ್ರೆಯ ವಿದ್ಯಾರ್ಥಿ. ಶರೀರಶಾಸ್ತ್ರಕ್ಕೂ ನನಗೂ ಬಹು ದೂರ. ಆದರೂ ಈ ಲೇಖನಕ್ಕೆ ಕೈಹಾಕಲು ಕಾರಣ ನಮ್ಮ ತಾತ. ಎರಡು ಮೂತ್ರಪಿಂಡಗಳೂ ಸೋತು, ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ ದಿನಗಳಲ್ಲಿ ಅವರು ನನ್ನನ್ನೊಂದು ಪ್ರಶ್ನೆ ಕೇಳಿದರು. ಕೆಟ್ಟಿರುವುದು ಮೂತ್ರದ ದಾರಿಯಾದರೆ ರಕ್ತವನ್ನೇಕೆ ತೊಳೆಯುತ್ತಾರೆ ಎಂದು. ಕುಡಿದ ನೀರು ಹೊಟ್ಟೆಯಿಂದ ನೇರವಾಗಿ ಕೆಳಗಿಳಿಯುತ್ತದೆಂದೇ ಅವರ ನಂಬಿಕೆ. ಓದಿದ ಮೊಮ್ಮಗನೆನಿಸಿಕೊಂಡ ನಾನು ತಲೆ ತಗ್ಗಿಸಿದೆ. ಉತ್ತರ ಹುಡುಕಹೊರಟಾಗ ಸಿಕ್ಕಿದವನು ಮಾರ್ಚೆಲ್ಲೊ ಮಾಲ್ಪೀಗಿ.

ಈತ ಹುಟ್ಟಿದ್ದು 1628ರಲ್ಲಿ, ಇಟಲಿಯ ಬೊಲೋನ್ಯ ನಗರದ ಸಮೀಪದ ಕ್ರೆವಾಲ್ಕೋರೆಯಲ್ಲಿ. ರಕ್ತವು ದೇಹದಲ್ಲಿ ಸುತ್ತುತ್ತದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ ಗ್ರಂಥ ಪ್ರಕಟಿಸಿದ್ದೂ ಅದೇ ವರ್ಷ. ಮಾಲ್ಪೀಗಿಗೆ ಇಪ್ಪತ್ತೊಂದು ತುಂಬಿದಾಗ ತಂದೆತಾಯಿಗಳಿಬ್ಬರೂ ತೀರಿಕೊಂಡರು. ತಮ್ಮತಂಗಿಯರ ಭಾರ ಹೆಗಲೇರಿತು. ಆದರೂ ಓದು ಬಿಡದೆ 1653ರಲ್ಲಿ ವೈದ್ಯ ಪದವಿ ಪಡೆದು, ಮೂರು ವರ್ಷಗಳ ಬಳಿಕ ಪೀಸಾದಲ್ಲಿ ಅಧ್ಯಾಪಕನಾದನು.

ಹಾರ್ವೆಗೆ ಒಂದು ಕೊಂಡಿ ಕಂಡಿರಲಿಲ್ಲ: ಅಪಧಮನಿಯ ರಕ್ತ ಅಭಿಧಮನಿಗೆ ದಾಟುವುದು ಹೇಗೆ? 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕೂದಲಿಗಿಂತ ಸಣ್ಣ ಲೋಮನಾಳಗಳನ್ನು ಕಂಡನು. ಮುರಿದಿದ್ದ ಸರಪಳಿ ಕೂಡಿಕೊಂಡಿತು.

ಬಳಿಕ ಅವನ ಕಣ್ಣು ಮೂತ್ರಪಿಂಡದ ಮೇಲೆ ಬಿತ್ತು. ಅದಕ್ಕೆ ರಕ್ತ ತರುವ ನಾಳದೊಳಕ್ಕೆ ಮದ್ಯಸಾರ ಬೆರೆತ ಕಪ್ಪು ದ್ರವವನ್ನು ತುಂಬಿ ಸೀಳಿ ನೋಡಿದನು. ಮರದ ಕೊಂಬೆಗಳಲ್ಲಿ ಸೇಬು ತೂಗುವಂತೆ ನಾಳದ ಕವಲುಗಳಲ್ಲಿ ಪುಟ್ಟ ಗುಂಡುಗಳು ಕಪ್ಪಾಗಿ ತೂಗುತ್ತಿದ್ದವು! ಮೂತ್ರ ರಕ್ತದಿಂದ ಬೇರ್ಪಡುವುದು ಇಲ್ಲಿಯೇ ಎಂದು ಊಹಿಸಿ 1666ರಲ್ಲಿ ಪ್ರಕಟಿಸಿದನು. ಆದರೆ ಆ ಗುಂಡಿಗೂ ಪಕ್ಕದ ಮೂತ್ರನಾಳಿಕೆಗೂ ಇರುವ ಸಂಬಂಧ ಎಷ್ಟು ಪ್ರಯತ್ನಿಸಿದರೂ ಅವನ ಕಣ್ಣಿಗೆ ಬೀಳಲಿಲ್ಲ. ಹಾರ್ವೆಯ ಕೊಂಡಿಯನ್ನು ಕೂಡಿಸಿದವನು ತನ್ನದೊಂದು ಕೊಂಡಿಯನ್ನು ಮುಂದಿನವರಿಗೆ ಬಿಟ್ಟನು.

1669ರಲ್ಲಿ ನಮ್ಮ ರೈತರಿಗೂ ಚಿರಪರಿಚಿತವಾದ ರೇಷ್ಮೆಹುಳುವಿನ ಒಳರಚನೆಯನ್ನು ವಿವರಿಸಿದನು. ಕೀಟಗಳಲ್ಲಿ ಮೂತ್ರಪಿಂಡದ ಕೆಲಸ ಮಾಡುವ ನಾಳಿಕೆಗಳಿಗೆ ಇಂದಿಗೂ ಅವನದೇ ಹೆಸರು. ಕೀರ್ತಿಯೊಡನೆ ವಿರೋಧಿಗಳೂ ಹೆಚ್ಚಿದರು. 1684ರಲ್ಲಿ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಬರಹಗಳೂ ಸುಟ್ಟುಹೋದವು. ಕೊನೆಗಾಲದಲ್ಲಿ, ವಿಧಿಯ ವಿಪರ್ಯಾಸವೆನ್ನಬೇಕು, ಮೂತ್ರಪಿಂಡದ ಕಲ್ಲೇ ಅವನನ್ನು ಕಾಡಿತು. 1691ರಲ್ಲಿ ಪೋಪರ ವೈದ್ಯನಾಗಿ ರೋಮಿಗೆ ಹೋದವನು 1694ರ ನವೆಂಬರಿನಲ್ಲಿ ಅಲ್ಲಿಯೇ ಕಣ್ಮುಚ್ಚಿದನು.

ಅವನು ಬಿಟ್ಟ ಕೊಂಡಿ ಕೂಡಿದ್ದು 1842ರಲ್ಲಿ. ಆ ಗುಂಡನ್ನು ಬಟ್ಟಲಿನಂತೆ ಅಪ್ಪಿರುವ ಸಂಪುಟವೇ ನಾಳಿಕೆಯ ಬಾಯಿ ಎಂದು ಲಂಡನ್ನಿನ ವಿಲಿಯಂ ಬೌಮನ್ ತೋರಿಸಿದನು. ರಕ್ತದ ಒತ್ತಡವೇ ಅಲ್ಲಿ ದ್ರವವನ್ನು ಸೋಸುತ್ತದೆಂದು ಜರ್ಮನಿಯ ಕಾರ್ಲ್ ಲುಡ್ವಿಗ್ ಅದೇ ವರ್ಷ ವಾದಿಸಿದನು. ಒಂದೊಂದು ಮೂತ್ರಪಿಂಡದಲ್ಲಿಯೂ ಇಂಥ ಸುಮಾರು 10 ಲಕ್ಷ ಜರಡಿಗಳು. ರಕ್ತಕಣಗಳನ್ನೂ ಸಸಾರಜನಕವನ್ನೂ ತಡೆದು, ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಯುಗಾದಿಗೆ ಮನೆ ತೊಳೆಯುವಾಗ ಸಾಮಾನನ್ನೆಲ್ಲ ಹೊರಗಿಟ್ಟು, ಬೇಕಾದದ್ದನ್ನು ಮರಳಿ ಒಳಗೆ ತರುವೆವಲ್ಲ, ಹಾಗೆ ನಾಳಿಕೆಗಳು ನೀರು, ಸಕ್ಕರೆ, ಲವಣಗಳಲ್ಲಿ ಬೇಕಾದಷ್ಟನ್ನು ರಕ್ತಕ್ಕೆ ಹಿಂದಿರುಗಿಸುತ್ತವೆ. ಉಳಿದ ಒಂದೂವರೆ ಲೀಟರಿನಷ್ಟೇ ಮೂತ್ರ.

ತಾತನಿಗೆ ಇದನ್ನೆಲ್ಲ ಜಗಲಿಯ ಮೇಲೆ ಕುಳಿತು ಹೇಳಿದೆ. ಮೂತ್ರವಾಗುವುದು ರಕ್ತದಿಂದಲೇ, ಜರಡಿ ಕೆಟ್ಟರೆ ಕಸ ರಕ್ತದಲ್ಲಿಯೇ ಉಳಿಯುತ್ತದೆ, ಅದಕ್ಕೇ ಯಂತ್ರ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಎಪ್ಪತ್ತು ವರ್ಷ ಅವು ಕೂಲಿ ಕೇಳದೆ ಇಷ್ಟೆಲ್ಲ ದುಡಿದವಲ್ಲ ಎಂದು ನಿಟ್ಟುಸಿರುಬಿಟ್ಟರು.

ತಾತ ಈಗಿಲ್ಲ. ನನ್ನ ಪಾಲಿಗೆ ಮಾಲ್ಪೀಗಿ ಕೇವಲ ಪಠ್ಯಪುಸ್ತಕದ ಹೆಸರಾಗಿಯೂ ಉಳಿದಿಲ್ಲ. ಕಂಡಷ್ಟನ್ನು ಕಂಡೆನೆಂದು ಹೇಳಿ, ಕಾಣದ್ದನ್ನು ಮುಂದಿನವರಿಗೆ ಬಿಟ್ಟುಹೋದವರಿಂದಲೇ ತಾತನಿಗೆ ಆ ಕೆಲವು ವರ್ಷಗಳು ದೊರೆತವು. ವಿಜ್ಞಾನವನ್ನು ಬದಿಗಿಟ್ಟು ಚರಿತ್ರೆಯನ್ನು ಓದಲಾಗದೆಂದು ನಾನು ಕಲಿತದ್ದು ಹೀಗೆ.