ಎಂಜಿನ್ನಿಗೆ ಉಸಿರು ಕೊಟ್ಟ ವೆಬರ್

ಹಳೆಯ ಕಾರುಗಳ ಪ್ರದರ್ಶನ ಜಗತ್ತಿನ ಯಾವ ನಗರದಲ್ಲಿ ನಡೆದರೂ ಜನ ಗುಂಪುಗೂಡುವುದು ಬಾನೆಟ್ ತೆರೆದಿಟ್ಟ ಕಾರುಗಳ ಸುತ್ತಲೇ. ಐವತ್ತು, ಅರವತ್ತರ ದಶಕದ ಇಟಲಿ ಅಥವಾ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಾದರೆ ಎಂಜಿನ್ನಿನ ಪಕ್ಕದಲ್ಲೋ ನೆತ್ತಿಯ ಮೇಲೋ ಸಾಲಾಗಿ ಕುಳಿತ, ಕಹಳೆಯಂತೆ ಬಾಯಿ ತೆರೆದ ಲೋಹದ ಕೊಳವೆಗಳು ಕಾಣುತ್ತವೆ. ಅವುಗಳ ಎರಕದ ಮೈಮೇಲೆ ಬಹುತೇಕ ಒಂದೇ ಹೆಸರು ಉಬ್ಬಿ ನಿಂತಿರುತ್ತದೆ: ವೆಬರ್. ಮೋಟಾರು ಪ್ರಿಯರಿಗೆ ಇಷ್ಟು ಪರಿಚಿತವಾದ ಹೆಸರು ಇನ್ನೊಂದಿಲ್ಲ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು, ಆ ಮನುಷ್ಯನಿಗೆ ಸಮಾಧಿಯೂ ಇಲ್ಲವೆಂಬುದು ಅನೇಕರಿಗೆ ತಿಳಿದಿಲ್ಲ.

ಎಡೊವಾರ್ಡೊ ವೆಬರ್ ಜನಿಸಿದ್ದು 1889ರಲ್ಲಿ, ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ. ತಂದೆ ಸ್ವಿಟ್ಜರ್ಲೆಂಡ್ ಮೂಲದವರು. ಜರ್ಮನ್ ಛಾಯೆಯ ಕುಲನಾಮ ಬಂದದ್ದು ಹಾಗೆ. ಹತ್ತು ವರ್ಷಗಳ ಬಳಿಕ, 1899ರಲ್ಲಿ, ಅದೇ ಊರಿನಲ್ಲಿ ಫಿಯಟ್ ಕಂಪನಿ ಹುಟ್ಟಿತು. ಯಂತ್ರಗಳಲ್ಲಿ ಆಸಕ್ತಿಯಿದ್ದ ಟ್ಯೂರಿನ್ನಿನ ಹುಡುಗನೊಬ್ಬ ಎಂಜಿನಿಯರಿಂಗ್ ಕಲಿತು ಫಿಯಟ್ ಸೇರುವುದು ಆಗ ಸಹಜವೇ ಆಗಿತ್ತು. ವೆಬರ್ ಕೂಡ ಹಾಗೆಯೇ ಮಾಡಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಕೆಲಸ ಅವರನ್ನು ಬೊಲೊನ್ಯಾ ನಗರಕ್ಕೆ ಕರೆತಂದಿತು. ಮುಂದೆ ಆ ಊರೇ ಅವರ ಕರ್ಮಭೂಮಿಯಾಯಿತು. ಕಾರುಗಳ ಮೇಲಿನ ಪ್ರೀತಿ ಕೇವಲ ನೌಕರಿಯ ಪ್ರೀತಿಯಾಗಿರಲಿಲ್ಲ. ಅವರು ಸ್ವತಃ ರೇಸುಗಳಲ್ಲಿ ಕಾರು ಓಡಿಸಿದವರು.

ವೆಬರ್ ಅವರ ಉದ್ಯಮದ ಬೀಜವಿದ್ದುದು ವೇಗದಲ್ಲಲ್ಲ, ಅಭಾವದಲ್ಲಿ. ಇಟಲಿಯ ನೆಲದಲ್ಲಿ ಹೇಳಿಕೊಳ್ಳುವಷ್ಟು ತೈಲವಿರಲಿಲ್ಲ. ಮಹಾಯುದ್ಧ ಮುಗಿದಾಗ ಲಿರಾದ ಮೌಲ್ಯ ಕುಸಿದಿತ್ತು. ಆಮದು ಮಾಡಿಕೊಳ್ಳುವ ಪೆಟ್ರೋಲು ಲಾರಿ ಮಾಲೀಕರಿಗೆ ದುಬಾರಿಯಾಗಿತ್ತು. ಆಗ ವೆಬರ್ ಮಾಡಿದ ಕೆಲಸವೆಂದರೆ, ಪೆಟ್ರೋಲಿನ ಬದಲು ಅಗ್ಗದ ಸೀಮೆಎಣ್ಣೆಯಿಂದ ಲಾರಿಗಳು ಓಡುವಂತೆ ಎಂಜಿನ್ನುಗಳನ್ನು ಮಾರ್ಪಡಿಸುವುದು, ಫಿಯಟ್ ಕಾರುಗಳಿಗೆ ಇಂಧನ ಉಳಿಸುವ ಪರಿಕರಗಳನ್ನು ಜೋಡಿಸಿ ಕೊಡುವುದು. 1919ರಿಂದ ಮಾರುಕಟ್ಟೆಯಲ್ಲಿದ್ದ ಫಿಯಟ್ 501 ಅಂದಿನ ಮಧ್ಯಮ ವರ್ಗದ ಕಾರು. ಅಂಥ ಕಾರಿನ ಒಡೆಯನಿಗೆ ಒಂದು ಲೀಟರಿನಲ್ಲಿ ಇನ್ನಷ್ಟು ದೂರ ಹೋಗುವುದೆಂದರೆ ನೇರ ಲಾಭ. ಈ ಬೇಡಿಕೆಯನ್ನು ನಂಬಿ 1923ರಲ್ಲಿ ವೆಬರ್ ಬೊಲೊನ್ಯಾದಲ್ಲಿ ತಮ್ಮ ಹೆಸರಿನ ಕಾರ್ಬ್ಯುರೇಟರ್ ಕಾರ್ಖಾನೆಯನ್ನು ಆರಂಭಿಸಿದರು. ಮುಂದೆ ಜಗತ್ತಿನ ಅತ್ಯಂತ ವೇಗದ ಕಾರುಗಳಿಗೆ ಉಸಿರು ಕೊಟ್ಟ ಸಂಸ್ಥೆ ಹುಟ್ಟಿದ್ದು ಮಿತವ್ಯಯದ ಮಂತ್ರದಿಂದ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಅವರು ಬಿಡಿಸಿದ ತೊಡಕು ಏನೆಂದು ತಿಳಿಯಲು ಕಾರ್ಬ್ಯುರೇಟರಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಎಂಜಿನ್ನಿನ ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿ ಹಾಯುವ ಕೊಳವೆಯ ನಡುವನ್ನು ಕಿರಿದು ಮಾಡಿದರೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಈ ಕಿರಿದಾದ ಭಾಗಕ್ಕೆ ವೆಂಚುರಿ ಎಂದು ಹೆಸರು. ಒತ್ತಡ ಇಳಿದ ಆ ಜಾಗಕ್ಕೆ ಸಣ್ಣ ರಂಧ್ರದ ಮೂಲಕ ಪೆಟ್ರೋಲು ಚಿಮ್ಮಿ, ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಕಷ್ಟವಿರುವುದು ಇಲ್ಲಿಯೇ. ವೆಂಚುರಿ ಸಣ್ಣದಿದ್ದರೆ ನಿಧಾನದ ಓಟದಲ್ಲಿ ಬೆರಕೆ ಚೆನ್ನಾಗಿರುತ್ತದೆ, ವೇಗ ಹೆಚ್ಚಿದಾಗ ಎಂಜಿನ್ ಉಸಿರುಗಟ್ಟುತ್ತದೆ. ದೊಡ್ಡದಿದ್ದರೆ ವೇಗದಲ್ಲಿ ಸೊಗಸು, ಪೇಟೆಯ ಓಟದಲ್ಲಿ ಮುಗ್ಗರಿಸುವುದು ಖಚಿತ.

ವೆಬರ್ ಅವರ ಉತ್ತರ ಸರಳವಾಗಿತ್ತು: ಒಂದರ ಬದಲು ಎರಡು ಕೊಳವೆ. ಚಿಕ್ಕದು ದಿನನಿತ್ಯದ ಓಡಾಟಕ್ಕೆ. ದೊಡ್ಡದು ಚಾಲಕ ಹೆಚ್ಚಿನ ಶಕ್ತಿ ಕೇಳಿದಾಗ ಮಾತ್ರ ತೆರೆದುಕೊಳ್ಳುವಂಥದ್ದು. ಮಿತವ್ಯಯ ಮತ್ತು ಶಕ್ತಿ ಪರಸ್ಪರ ವೈರಿಗಳೆಂದು ಭಾವಿಸಿದ್ದ ಕಾಲದಲ್ಲಿ ಎರಡನ್ನೂ ಒಂದೇ ಉಪಕರಣದೊಳಗೆ ಕೂರಿಸಿದ್ದು ಅವರ ಹೆಗ್ಗಳಿಕೆ. 1930ರ ದಶಕದಲ್ಲಿ ಇದೇ ವಿಚಾರವನ್ನು ಅವರು ರೇಸ್ ಕಾರುಗಳಿಗಾಗಿ ಬೇರೆ ದಿಕ್ಕಿಗೆ ಒಯ್ದರು. ಅಲ್ಲಿ ಎರಡೂ ಕೊಳವೆಗಳು ಸಮಗಾತ್ರದವು. ಒಂದೊಂದು ಸಿಲಿಂಡರಿಗೆ ತನ್ನದೇ ಆದ ಒಂದೊಂದು ಕೊಳವೆ. ಒಂದೇ ನಲ್ಲಿಯ ಮುಂದೆ ನಾಲ್ಕು ಮನೆಯವರು ಸಾಲು ನಿಲ್ಲುವುದಕ್ಕೂ ಪ್ರತಿ ಮನೆಗೂ ಪ್ರತ್ಯೇಕ ನಲ್ಲಿ ಇರುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು. ಮಾಸೆರಾಟಿ ಮತ್ತು ಆಲ್ಫಾ ರೋಮಿಯೊ ರೇಸ್ ಕಾರುಗಳು ವೆಬರ್ ಉಪಕರಣಗಳನ್ನು ಅಳವಡಿಸಿಕೊಂಡವು.

ಬೊಲೊನ್ಯಾದಲ್ಲಿ ಇದು ನಡೆದದ್ದು ಕಾಕತಾಳೀಯವಲ್ಲ. ಮಾಸೆರಾಟಿ ಸಹೋದರರು 1914ರಲ್ಲಿ ತಮ್ಮ ಕಾರ್ಯಾಗಾರ ತೆರೆದದ್ದು ಇದೇ ಊರಿನಲ್ಲಿ. ಡುಕಾಟಿ ಕುಟುಂಬ 1926ರಲ್ಲಿ ರೇಡಿಯೊ ಬಿಡಿಭಾಗಗಳ ಉದ್ಯಮ ಆರಂಭಿಸಿದ್ದೂ ಇಲ್ಲಿಯೇ. ಒಂದೇ ಬಗೆಯ ಕಸುಬುದಾರರು ಒಂದೆಡೆ ನೆಲೆಸಿದಾಗ ಆ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯದೆ ಊರಿನ ಗಾಳಿಯಲ್ಲೇ ಬೆರೆತುಹೋಗುತ್ತವೆ ಎಂಬ ಅರ್ಥದ ವಿಚಾರವನ್ನು ಆಲ್‌ಫ್ರೆಡ್ ಮಾರ್ಷಲ್ 1890ರ ತಮ್ಮ ಗ್ರಂಥದಲ್ಲಿ ಮಂಡಿಸಿದ್ದರು. ಆ ಸಿದ್ಧಾಂತಕ್ಕೆ ಬೊಲೊನ್ಯಾ ಮತ್ತು ಅದರ ನೆರೆಯ ಮೊಡೆನಾಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಎರಕ ಹೊಯ್ಯುವವರು, ಸೂಕ್ಷ್ಮ ರಂಧ್ರ ಕೊರೆಯುವವರು, ಎಂಜಿನ್ ಪರೀಕ್ಷಿಸುವವರು ಎಲ್ಲರೂ ಕೂಗಳತೆಯಲ್ಲಿದ್ದ ಊರು ಅದು.

ಆದರೆ ಕಾಲ ಕೆಡತೊಡಗಿತ್ತು. ವೆಬರ್ ಕಾರ್ಖಾನೆ ಆರಂಭಿಸುವ ಹಿಂದಿನ ವರ್ಷವೇ ಮುಸೊಲಿನಿ ಅಧಿಕಾರ ಹಿಡಿದಿದ್ದರು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ರಾಷ್ಟ್ರಸಂಘ ಆರ್ಥಿಕ ದಿಗ್ಬಂಧನ ವಿಧಿಸಿತು. ವಿಚಿತ್ರವೆಂದರೆ ತೈಲವನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಆದರೂ ಸ್ವಾವಲಂಬನೆಯ ಘೋಷಣೆ ಸರ್ಕಾರದ ನೀತಿಯಾಯಿತು. ಇಂಧನ ಉಳಿಸುವ ಸ್ವದೇಶಿ ಉಪಕರಣಗಳಿಗೆ ಅಂಥ ನೀತಿ ಅನುಕೂಲಕರವೇ. ಕಾರ್ಖಾನೆ ಬೆಳೆಯಿತು. ಆ ಕಾಲದ ಇಟಲಿಯಲ್ಲಿ ದೊಡ್ಡ ಉದ್ಯಮ ನಡೆಸಿದ ಯಾರೂ ಆಳುವವರ ನೆರಳಿನಿಂದ ದೂರ ಉಳಿಯಲು ಸಾಧ್ಯವಿರಲಿಲ್ಲ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಬೊಲೊನ್ಯಾ ಜರ್ಮನ್ ಸೇನೆಯ ಹಿಡಿತಕ್ಕೆ ಬಂತು. ಕಾರ್ಖಾನೆಯ ಯಜಮಾನರೆಂದರೆ ಜನರ ಕಣ್ಣಿನಲ್ಲಿ ಯಾವ ಪಕ್ಷದವರು ಎಂಬ ಪ್ರಶ್ನೆ ಪ್ರಾಣಾಂತಿಕವಾದದ್ದು ಆಗಲೇ.

ಆ ದಿನಗಳ ಕ್ರೌರ್ಯವನ್ನು ಮರೆತು ಮುಂದಿನದನ್ನು ಹೇಳುವುದು ನ್ಯಾಯವಲ್ಲ. ಬೊಲೊನ್ಯಾದ ದಕ್ಷಿಣಕ್ಕಿರುವ ಮಾರ್ಜಬೊಟ್ಟೊ ಪ್ರದೇಶದಲ್ಲಿ 1944ರ ಶರತ್ಕಾಲದಲ್ಲಿ ನಾಜಿ ಪಡೆ ಹೆಂಗಸರು, ಮಕ್ಕಳು, ಮುದುಕರೆನ್ನದೆ ಸುಮಾರು 770 ಮಂದಿಯನ್ನು ಕೊಂದಿತು. ಇಂಥ ಗಾಯ ಹೊತ್ತ ನಾಡು 1945ರ ಏಪ್ರಿಲ್ 21ರಂದು ಬಿಡುಗಡೆಯಾದಾಗ ಸೇಡು ಬೀದಿಗಿಳಿಯಿತು. ಬೊಲೊನ್ಯಾ ಸುತ್ತಲಿನ ಸೀಮೆಗೆ ಆ ತಿಂಗಳುಗಳಲ್ಲಿ ಮೃತ್ಯು ತ್ರಿಕೋನವೆಂಬ ಹೆಸರೇ ಅಂಟಿಕೊಂಡಿತು. ಮೇ ತಿಂಗಳಲ್ಲಿ ವೆಬರ್ ಕಾಣೆಯಾದರು. ಪ್ರತಿರೋಧದ ಹೋರಾಟಗಾರರು ಅವರನ್ನು ಕರೆದೊಯ್ದು ಕೊಂದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ದೇಹ ಎಂದೂ ಸಿಗಲಿಲ್ಲ. ಆಗ ಅವರಿಗೆ 55 ವರ್ಷ.

ಆಡಳಿತದಲ್ಲಿ ಆಯುಷ್ಯ ಕಳೆದವರಿಗೆ ಈ ಸಾವು ಬಿಡದೆ ಕಾಡುವ ಪ್ರಶ್ನೆ. ವೆಬರ್ ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಇಂದು ಇತ್ಯರ್ಥ ಮಾಡಲಾಗದು. ಏಕೆಂದರೆ ಆರೋಪಪಟ್ಟಿಯಿಲ್ಲ, ಸಾಕ್ಷ್ಯವಿಲ್ಲ, ಪ್ರತಿವಾದವಿಲ್ಲ, ತೀರ್ಪಿಲ್ಲ. ವಿಚಾರಣೆ ಆರೋಪಿಗೆ ತೋರುವ ಔದಾರ್ಯವೆಂದು ಅನೇಕರು ತಿಳಿಯುತ್ತಾರೆ. ಅದು ನಿಜಕ್ಕೂ ಸಮಾಜ ತನಗೆ ತಾನೇ ಮಾಡಿಕೊಳ್ಳುವ ಉಪಕಾರ. ಅವರು ಅಪರಾಧಿಯೇ ಆಗಿದ್ದರೆ ಅದರ ದಾಖಲೆ ಇಂದು ಇರುತ್ತಿತ್ತು. ನಿರಪರಾಧಿಯಾಗಿದ್ದರೆ ಕಳಂಕ ತೊಡೆದುಹೋಗುತ್ತಿತ್ತು. ಎರಡೂ ಆಗದೆ ಉಳಿದದ್ದು ಅನುಮಾನ ಮಾತ್ರ. 1946ರ ಜೂನ್‌ನಲ್ಲಿ, ಸ್ವತಃ ಕಮ್ಯುನಿಸ್ಟ್ ನಾಯಕರಾಗಿದ್ದ ನ್ಯಾಯಾಂಗ ಸಚಿವ ತೊಲ್ಯಾಟ್ಟಿ ಅವರು ಹಿಂದಿನ ಆಳ್ವಿಕೆಯೊಡನೆ ಸಹಕರಿಸಿದ ಅಸಂಖ್ಯರಿಗೆ ಕ್ಷಮಾದಾನ ತಂದರು. ಆಳ್ವಿಕೆಗಳ ನಡುವಿನ ಖಾಲಿ ಜಾಗದಲ್ಲಿ ಸಿಕ್ಕಿಬಿದ್ದವರಿಗೂ ಹದಿಮೂರು ತಿಂಗಳು ತಾಳಿದವರಿಗೂ ನಡುವೆ ಇದ್ದ ಅಂತರ ಜೀವ ಮತ್ತು ಮರಣದ್ದು. ರಾಜ್ಯವ್ಯವಸ್ಥೆ ಒಂದು ವಾರ ಇಲ್ಲವಾದರೂ ಅದರ ಬೆಲೆ ಎಷ್ಟೆಂದು ಇದು ಹೇಳುತ್ತದೆ.

ಒಡೆಯರಿಲ್ಲದ ಕಾರ್ಖಾನೆ ಮುಚ್ಚಲಿಲ್ಲ. 1952ರಲ್ಲಿ ಅದು ಫಿಯಟ್ ವಶಕ್ಕೆ ಬಂತು. ವಿಪರ್ಯಾಸವೆಂದರೆ ವೆಬರ್ ಹೆಸರು ಜಗತ್ತಿನಾದ್ಯಂತ ಹಬ್ಬಿದ್ದು ವೆಬರ್ ಇಲ್ಲವಾದ ಮೇಲೆಯೇ. ಐವತ್ತರ ದಶಕದಲ್ಲಿ ಡಿಸಿಒಇ ಎಂಬ ಅಡ್ಡಕೊಳವೆಯ ಜೋಡಿ ಕಾರ್ಬ್ಯುರೇಟರ್ ಬಂತು. ಲ ಮಾನ್ಸ್‌ನಲ್ಲಿ 1955ರಿಂದ ಮೂರು ವರ್ಷ ಸತತವಾಗಿ ಗೆದ್ದ ಜಾಗ್ವಾರ್ ಡಿ-ಟೈಪ್ ಕಾರಿನಲ್ಲಿದ್ದುದು ಮೂರು ಜೋಡಿ ವೆಬರ್‌ಗಳು. ಫೆರಾರಿ 250 ಜಿಟಿಒ ಕಾರಿನ ಹನ್ನೆರಡು ಸಿಲಿಂಡರುಗಳಿಗೆ ಆರು ಜೋಡಿ. ಲೋಟಸ್ ಇಲಾನ್, ಆಲ್ಫಾ ರೋಮಿಯೊ ಜೂಲಿಯಾ, ಆಸ್ಟನ್ ಮಾರ್ಟಿನ್ ಡಿಬಿ4 ಜಿಟಿ ಹೀಗೆ ಪಟ್ಟಿ ಬೆಳೆಯುತ್ತದೆ.

ಇಂದು ಆ ಕಾರುಗಳನ್ನು ಜೀರ್ಣೋದ್ಧಾರ ಮಾಡುವವರಿಗೆ ವೆಬರ್ ಅವರ ಬುದ್ಧಿ ಎದ್ದು ಕಾಣುವುದು ಒಂದು ಗುಣದಲ್ಲಿ. ಉಪಕರಣದ ಮೈ ಒಂದೇ. ಒಳಗಿನ ಅಂಗಾಂಗಗಳೆಲ್ಲ ಬಿಚ್ಚಿ ಬದಲಿಸಬಹುದಾದವು. ವೆಂಚುರಿ, ಜೆಟ್, ಗಾಳಿ ಬೆರೆಸುವ ನಳಿಕೆ ಎಲ್ಲಕ್ಕೂ ಅಂಕಿಗಳಿವೆ. ಜೆಟ್ಟಿನ ಮೇಲೆ 115 ಎಂದಿದ್ದರೆ ಅದರ ರಂಧ್ರ 1.15 ಮಿ.ಮೀ. ಹೀಗಾಗಿ ಅದೇ ಕಾರ್ಬ್ಯುರೇಟರನ್ನು ಬೇರೆ ಬೇರೆ ಎಂಜಿನ್ನಿಗೆ ಹೊಂದಿಸಬಹುದು. ಎಂಜಿಬಿಯಂಥ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನಿಂದ ಮೂಲದ ಜೋಡಿ ಎಸ್‌ಯು ಕಾರ್ಬ್ಯುರೇಟರುಗಳನ್ನು ತೆಗೆದು ಒಂದು ವೆಬರ್ ಕೂರಿಸುವುದು ದಶಕಗಳಿಂದ ನಡೆದುಬಂದ ಪದ್ಧತಿ.

ಹಳೆಯದನ್ನು ದುರಸ್ತಿ ಮಾಡುವಾಗ ಬಲ್ಲವರು ಮೊದಲು ನೋಡುವುದು ಥ್ರಾಟಲ್ ತಟ್ಟೆಯನ್ನು ಹೊತ್ತ ಸಣ್ಣ ದಂಡವನ್ನು. ಅದು ಸವೆದಿದ್ದರೆ ಅಕ್ಕಪಕ್ಕದಿಂದ ಕಳ್ಳಗಾಳಿ ನುಗ್ಗುತ್ತದೆ. ಆಗ ಜೆಟ್ಟುಗಳನ್ನು ಎಷ್ಟು ಬದಲಿಸಿದರೂ ಎಂಜಿನ್ ಸಮನಾಗಿ ಓಡದು. ಇಂದಿನ ಪೆಟ್ರೋಲಿನಲ್ಲಿ ಬೆರೆತ ಎಥೆನಾಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಗ್ಯಾಸ್ಕೆಟ್ಟು, ಕೊಳವೆಗಳನ್ನು ಹೊಸ ಬಗೆಯವುಗಳಿಂದ ಬದಲಿಸಬೇಕು. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಬಿಗಿಯಾಗಿ ಕಚ್ಚಿಸಲೂಬಾರದು. ರಬ್ಬರ್ ಉಂಗುರಗಳ ನಡುವೆ ಅದು ತುಸು ಅಲುಗಾಡುತ್ತಿರಬೇಕು. ಇಲ್ಲವಾದರೆ ಎಂಜಿನ್ನಿನ ಕಂಪನಕ್ಕೆ ಪೆಟ್ರೋಲು ನೊರೆಗಟ್ಟುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಲೋಭನೆ ಗಾತ್ರದ್ದು. ಕೊಳವೆ 40 ಮಿ.ಮೀ. ಇದ್ದರೂ ಬೀದಿಯ ಎಂಜಿನ್ನಿಗೆ ಬೇಕಾದ ವೆಂಚುರಿ 30 ಅಥವಾ 32 ಮಿ.ಮೀ. ಮಾತ್ರ ಇರಬಹುದು. ರೇಸಿನ ಆಸೆಗೆ ದೊಡ್ಡದನ್ನು ಕೂರಿಸಿದ ಕಾರು ಕಾಗದದ ಮೇಲೆ ಬಲಿಷ್ಠ, ರಸ್ತೆಯ ಮೇಲೆ ರೋಗಿಷ್ಠ. ಸಂಪನ್ಮೂಲ ಹೆಚ್ಚಿದ್ದಷ್ಟೂ ಫಲ ಹೆಚ್ಚೆಂಬ ಭ್ರಮೆಗೆ ಸರ್ಕಾರದ ಯೋಜನೆಗಳೂ ಎಷ್ಟೋ ಬಾರಿ ಬಲಿಯಾಗಿವೆ. ಸರಿಯಾದ ಅಳತೆ ಗರಿಷ್ಠ ಅಳತೆಯಲ್ಲ ಎಂಬುದನ್ನು ವೆಬರ್ ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

ಕಾರ್ಬ್ಯುರೇಟರಿನ ಯುಗ ಮುಗಿದಿದೆ. ವಾಯುಮಾಲಿನ್ಯದ ಕಟ್ಟುಪಾಡುಗಳು ಬಿಗಿಯಾದಂತೆ ಗಣಕ ನಿಯಂತ್ರಿತ ಇಂಜೆಕ್ಷನ್ ಅದರ ಜಾಗಕ್ಕೆ ಬಂತು. ನಮ್ಮಲ್ಲಿಯೂ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕು, ಸ್ಕೂಟರುಗಳಲ್ಲಿಯೂ ಅದು ಬಹುತೇಕ ಮರೆಯಾಯಿತು. ವೆಬರ್ ತಯಾರಿಕೆ 1992ರಲ್ಲಿ ಬೊಲೊನ್ಯಾ ಬಿಟ್ಟು ಸ್ಪೇನಿಗೆ ಹೋಯಿತು. ಆದರೂ ಹಳೆಯ ಕಾರುಗಳನ್ನು ಜತನದಿಂದ ಕಾಯುವವರ ಕಾರ್ಯಾಗಾರಗಳಲ್ಲಿ ಆ ಹೆಸರು ಪ್ರತಿದಿನ ಕೈಗೆ ಸಿಗುತ್ತದೆ. ತಪ್ಪು ಸರಿಯ ಲೆಕ್ಕವನ್ನು ನ್ಯಾಯಾಲಯವೊಂದು ಮಾಡಬೇಕಿತ್ತು, ಅದು ಆಗಲಿಲ್ಲ. ಅವರ ಕೆಲಸದ ಲೆಕ್ಕ ಮಾತ್ರ ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೂ ಸ್ಪಷ್ಟವಾಗಿ ಉಳಿದಿದೆ.