ರಾಘವಾಂಕ

ರಾಘವಾಂಕ ಕನ್ನಡದ ಪ್ರಸಿದ್ಧ ಕವಿ, ‘ಹರಿಶ್ಚಂದ್ರ ಕಾವ್ಯ’ದ ಕರ್ತೃ. ರಗಳೆಯ ಕವಿ ಹರಿಹರನಿಗೆ ಸೋದರಳಿಯನೂ ಶಿಷ್ಯನೂ ಆಗಿದ್ದ ಈತನ ಕಾಲ 13ನೆಯ ಶತಮಾನದ ಪೂರ್ವಾರ್ಧವೆಂದು ಬಹುಮಟ್ಟಿಗೆ ಅಂಗೀಕೃತವಾಗಿದೆ. ಷಟ್ಪದಿಯನ್ನು ದೀರ್ಘ ಕಥನಕ್ಕೆ ಒಗ್ಗಿಸಿಕೊಟ್ಟ ಕೀರ್ತಿ ಈತನದು. ಉಭಯಕವಿ ಕಮಲರವಿ, ಕವಿಶರಭಭೇರುಂಡ ಎಂಬ ಬಿರುದುಗಳು ಈತನಿಗಿದ್ದವು. ಸಾಲ ವಸೂಲಿಗೆ ಬೆನ್ನುಹತ್ತಿ ಕಾಡುವವನನ್ನು ಕನ್ನಡಿಗರು ಇಂದಿಗೂ ನಕ್ಷತ್ರಿಕನೆಂದು ಕರೆಯುವುದು ಈತನ ಕಾವ್ಯದಿಂದ ಬಳಕೆಗೆ ಬಂದ ಪಾತ್ರದ ಹೆಸರಿನಿಂದಲೇ.

ಜನನ ಮತ್ತು ಪರಿಸರ

ರಾಘವಾಂಕನು ಪಂಪಾಕ್ಷೇತ್ರವಾದ ಹಂಪೆಯಲ್ಲಿ ಜನಿಸಿದನು. ತಂದೆ ಮಹಾದೇವಭಟ್ಟ, ತಾಯಿ ರುದ್ರಾಣಿ. ರುದ್ರಾಣಿಯು ಹರಿಹರನ ಸಹೋದರಿ. ಆಗಿನ್ನೂ ವಿಜಯನಗರ ಸಾಮ್ರಾಜ್ಯ ಹುಟ್ಟಿರಲಿಲ್ಲ. 1336ರ ಸ್ಥಾಪನೆಗೆ ಸುಮಾರು ಒಂದು ಶತಮಾನ ಬಾಕಿಯಿತ್ತು. ಹಂಪೆಯೆಂದರೆ ತುಂಗಭದ್ರೆಯ ದಕ್ಷಿಣ ದಂಡೆಯ ವಿರೂಪಾಕ್ಷನ ಸನ್ನಿಧಿ, ಹೇಮಕೂಟದ ಗುಡಿಗಳು ಮತ್ತು ಸುತ್ತಲಿನ ಬಂಡೆಬೆಟ್ಟಗಳು. ನದಿಯ ಉತ್ತರ ದಂಡೆಯಲ್ಲಿ ಇಂದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ಆನೆಗೊಂದಿ, ಸಾಣಾಪುರ ಗ್ರಾಮಗಳೂ ಪಂಪಾ ಸರೋವರವೂ ಇವೆ. ಹರಿಗೋಲಿನಲ್ಲಿ ನದಿ ದಾಟಿದರೆ ಎರಡೂ ದಂಡೆಗಳು ಒಂದೇ ಕ್ಷೇತ್ರ. ರಾಘವಾಂಕನು ಈ ನೆಲವನ್ನು ಮರೆತವನಲ್ಲ. ಅಯೋಧ್ಯೆಯ ಅರಸನಾದ ಹರಿಶ್ಚಂದ್ರನನ್ನು ಬೇಟೆಯ ಸಂದರ್ಭದಲ್ಲಿ ಹಂಪೆಗೆ ಕರೆತಂದು ವಿರೂಪಾಕ್ಷನ ದರ್ಶನ ಮಾಡಿಸಿದ್ದಾನೆ. ಭೂಗೋಳದ ಲೆಕ್ಕದಲ್ಲಿ ಇದು ಸರಿಯೇ ಎಂದು ಕೇಳುವುದು ವ್ಯರ್ಥ. ಕವಿಗೆ ತನ್ನೂರಿನ ದೇವರನ್ನು ಬಿಟ್ಟು ಕಥೆ ಮುಂದುವರಿಸುವ ಮನಸ್ಸಿರಲಿಲ್ಲ.

ಕಾಲನಿರ್ಣಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಹರಿಹರನು ಹೊಯ್ಸಳ ನರಸಿಂಹನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿ. ಹೊಯ್ಸಳರಲ್ಲಿ ಆ ಹೆಸರಿನ ಅರಸರು ಒಬ್ಬರಿಗಿಂತ ಹೆಚ್ಚು. 12ನೆಯ ಶತಮಾನದ ಒಂದನೆಯ ನರಸಿಂಹನನ್ನು ಹಿಡಿದರೆ ಒಂದು ಕಾಲ, 13ನೆಯ ಶತಮಾನದ ಎರಡನೆಯ ನರಸಿಂಹನನ್ನು ಹಿಡಿದರೆ ಇನ್ನೊಂದು ಕಾಲ. ಆರ್. ನರಸಿಂಹಾಚಾರ್ಯರು ‘ಕರ್ನಾಟಕ ಕವಿಚರಿತೆ’ಯಲ್ಲಿ ರಾಘವಾಂಕನನ್ನು ಸುಮಾರು 1165ಕ್ಕೆ ಸೇರಿಸಿದರು, ಅನಂತರದ ಅನೇಕರು ಅರ್ಧ ಶತಮಾನದಷ್ಟು ಈಚೆಗೆ ತಂದರು.

ಗುರುವಿನ ಕೋಪ

ರಾಘವಾಂಕನ ಜೀವನದ ವಿವರಗಳು ದೊರೆಯುವುದು ಮುಖ್ಯವಾಗಿ ಶತಮಾನಗಳ ನಂತರ ರಚಿತವಾದ ವೀರಶೈವ ಪುರಾಣ ಹಾಗೂ ಚರಿತ್ರೆಗಳಲ್ಲಿ. ಅವುಗಳಲ್ಲಿ ಪವಾಡದ ಅಂಶ ಹೆಚ್ಚು. ಆದರೂ ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಸಂಗವನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಅದರೊಳಗೆ ಅಂದಿನ ಸಾಹಿತ್ಯದ ನಿಜವಾದ ಒಂದು ಜಗಳವಿದೆ.

ಹರಿಹರನು ಅರಮನೆಯ ಉದ್ಯೋಗ ತೊರೆದು ಹಂಪೆಗೆ ಬಂದವನು. ಶಿವನನ್ನೂ ಶಿವಶರಣರನ್ನೂ ಹೊರತು ಮನುಷ್ಯರನ್ನು ಹೊಗಳಲಾರೆನೆಂಬುದು ಅವನ ವ್ರತ. ಅಂತಹವನ ಮನೆಯಲ್ಲಿ ಬೆಳೆದ ರಾಘವಾಂಕನು ತನ್ನ ಮೊದಲ ಮಹಾಕಾವ್ಯಕ್ಕೆ ಆರಿಸಿಕೊಂಡದ್ದು ಒಬ್ಬ ಅರಸನ ಕಥೆಯನ್ನು. ಕಾವ್ಯವನ್ನು ರಾಜಸಭೆಯಲ್ಲಿ ವಾಚಿಸಿ, ಸಭೆಯ ಮೆಚ್ಚುಗೆ ಪಡೆದು, ಗುರುವಿನ ಮುಂದೆ ತಂದಿಟ್ಟನಂತೆ. ನರಸ್ತುತಿ ಮಾಡಿದನೆಂದು ಸಿಟ್ಟಿಗೆದ್ದ ಹರಿಹರನು ಶಿಷ್ಯನನ್ನು ಹೊಡೆದನು. ಐದು ಹಲ್ಲುಗಳು ಉದುರಿದವು. ಆಮೇಲೆ ರಾಘವಾಂಕನು ಶಿವನನ್ನೂ ಶಿವಭಕ್ತರನ್ನೂ ಕುರಿತು ಐದು ಕೃತಿಗಳನ್ನು ಬರೆದನು, ಒಂದೊಂದು ಕೃತಿ ಮುಗಿದಂತೆ ಒಂದೊಂದು ಹಲ್ಲು ಮರಳಿ ಬಂದಿತು ಎಂದು ಕಥೆ.

ಹಲ್ಲಿನ ಮಾತು ಹೇಗೂ ಇರಲಿ, ಕೃತಿಗಳ ಲೆಕ್ಕ ಸರಿಹೋಗುತ್ತದೆ. ‘ಸೋಮನಾಥ ಚರಿತೆ’, ‘ಸಿದ್ಧರಾಮ ಚರಿತ್ರೆ’, ‘ವೀರೇಶ ಚರಿತೆ’, ‘ಶರಭ ಚಾರಿತ್ರ’, ‘ಹರಿಹರ ಮಹತ್ವ’ ಎಂಬ ಐದು ಶೈವಕೃತಿಗಳು ಅವನ ಹೆಸರಿನಲ್ಲಿವೆ. ಕಡೆಯ ಎರಡು ದೊರೆತಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಗುರುವಿಗೆ ತಲೆಬಾಗಿದ ಶಿಷ್ಯ ಹರಿಶ್ಚಂದ್ರನ ಕಾವ್ಯವನ್ನು ನಾಶಮಾಡಲಿಲ್ಲ. ಸತ್ಯವೂ ಶಿವನೂ ಬೇರೆಯಲ್ಲವೆಂಬ ನಿಲುವನ್ನು ಆ ಕಾವ್ಯದಲ್ಲಿಯೇ ಪ್ರತಿಪಾದಿಸಿದ್ದಾನೆ. ಮನುಷ್ಯನೊಬ್ಬನು ಸತ್ಯಕ್ಕಾಗಿ ಎಲ್ಲವನ್ನೂ ಕಳೆದುಕೊಂಡರೆ ಅವನನ್ನು ಹಾಡುವುದು ಶಿವನನ್ನೇ ಹಾಡಿದಂತೆ ಎಂಬುದು ಅವನ ಸಮರ್ಥನೆ.

ಹರಿಶ್ಚಂದ್ರ ಕಾವ್ಯ

ಏಳುನೂರಕ್ಕೂ ಮಿಕ್ಕಿದ ವಾರ್ಧಕ ಷಟ್ಪದಿಗಳ ಈ ಕಾವ್ಯದ ಕಥೆ ಹಳೆಯದು. ಐತರೇಯ ಬ್ರಾಹ್ಮಣದಲ್ಲಿ ಬರುವ ಹರಿಶ್ಚಂದ್ರ ವರುಣನಿಗೆ ಕೊಟ್ಟ ಮಾತನ್ನು ಮುಂದೂಡುತ್ತಲೇ ಹೋಗುವವನು. ಸತ್ಯವ್ರತನೆಂಬ ಹೆಸರಿಗೆ ಅವನು ತಕ್ಕವನಲ್ಲ. ಸತ್ಯಕ್ಕಾಗಿ ರಾಜ್ಯ, ಮಡದಿ, ಮಗನನ್ನು ಕಳೆದುಕೊಳ್ಳುವ ಹರಿಶ್ಚಂದ್ರನು ಮಾರ್ಕಂಡೇಯ ಪುರಾಣದಲ್ಲಿ ಕಾಣಿಸಿಕೊಳ್ಳುತ್ತಾನೆ. ರಾಘವಾಂಕ ಅದಕ್ಕೆ ಹೊಸ ಚೌಕಟ್ಟು ಕೊಟ್ಟನು. ಇಂದ್ರಸಭೆಯಲ್ಲಿ ವಸಿಷ್ಠನು ಹರಿಶ್ಚಂದ್ರನ ಸತ್ಯವನ್ನು ಕೊಂಡಾಡುತ್ತಾನೆ. ವಿಶ್ವಾಮಿತ್ರನು ಅದನ್ನು ಸುಳ್ಳಾಗಿಸುವೆನೆಂದು ಪಣ ತೊಡುತ್ತಾನೆ. ಇಬ್ಬರು ಋಷಿಗಳ ಹಟಕ್ಕೆ ಒಂದು ಸಂಸಾರ ಬಲಿಯಾಗುವ ಕಥೆ ಹೀಗೆ ಆರಂಭವಾಗುತ್ತದೆ.

ವಿಶ್ವಾಮಿತ್ರನ ಆಶ್ರಮದತ್ತ ಹೋಗಬೇಡವೆಂದು ವಸಿಷ್ಠನು ಎಚ್ಚರಿಸಿದ್ದರೂ, ಗಾಯಗೊಂಡ ಹಂದಿಯೊಂದನ್ನು ಅಟ್ಟಿಸಿಕೊಂಡು ಹೋದ ಅರಸನು ಅಲ್ಲಿಗೇ ತಲುಪುತ್ತಾನೆ. ಮುನಿಯು ಸೃಷ್ಟಿಸಿದ ಇಬ್ಬರು ಅನಾಮಿಕ ಕನ್ಯೆಯರು ಹಾಡಿ ರಂಜಿಸಿ, ಬಹುಮಾನವಾಗಿ ಬೆಳ್ಗೊಡೆಯನ್ನು ಕೇಳುತ್ತಾರೆ. ಅದು ಸಿಗದಿರಲು ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಕುಲದ ಕಾರಣವೊಡ್ಡಿ ಅರಸನು ನಿರಾಕರಿಸಿದಾಗ, ಹಾಡು ಕೇಳಿದ ಕಿವಿಗೂ ನೋಡಿದ ಕಣ್ಣಿಗೂ ಇಲ್ಲದ ಹೊಲೆ ಮುಟ್ಟುವುದಕ್ಕೆ ಮಾತ್ರ ಹೇಗೆ ಬಂತೆಂಬ ಅರ್ಥದಲ್ಲಿ ಅವರು ಹೂಡುವ ವಾದ ಕನ್ನಡ ಕಾವ್ಯದ ಅತ್ಯಂತ ಹರಿತವಾದ ಸಂವಾದಗಳಲ್ಲೊಂದು. ಅರಸನ ಬಳಿ ಅದಕ್ಕೆ ಸರಿಯಾದ ಉತ್ತರವಿಲ್ಲ. ಅವರನ್ನು ವರಿಸುವುದಕ್ಕಿಂತ ರಾಜ್ಯವನ್ನೇ ಬಿಡುವುದು ಮೇಲೆಂದು ಅವನು ಎಲ್ಲವನ್ನೂ ಮುನಿಗೆ ಧಾರೆಯೆರೆಯುತ್ತಾನೆ. ಅಲ್ಲಿಗೂ ಮುಗಿಯುವುದಿಲ್ಲ, ಹಿಂದೆ ಯಾಗಕ್ಕೆಂದು ಕೊಡಲೊಪ್ಪಿದ ಹೊನ್ನಿನ ರಾಶಿ ಸಾಲವಾಗಿ ಉಳಿಯುತ್ತದೆ.

ನಕ್ಷತ್ರಕನ ಪ್ರವೇಶ ಇಲ್ಲಿ. ಮಾರ್ಕಂಡೇಯ ಪುರಾಣದಲ್ಲಿ ಸಾಲ ಕೇಳಲು ವಿಶ್ವಾಮಿತ್ರನೇ ಬರುತ್ತಾನೆ. ರಾಘವಾಂಕನಲ್ಲಿ ಆ ಕೆಲಸಕ್ಕೆ ಶಿಷ್ಯನಾದ ನಕ್ಷತ್ರಕನು ತೆರಕಾರನಾಗಿ, ಅಂದರೆ ವಸೂಲಿಗಾರನಾಗಿ, ನೇಮಕಗೊಳ್ಳುತ್ತಾನೆ. ಊರಿಲ್ಲದೆ ಆಸರೆಯಿಲ್ಲದೆ ಕಾಡುಪಾಲಾದ ಹರಿಶ್ಚಂದ್ರ, ಚಂದ್ರಮತಿ ಮತ್ತು ಬಾಲಕ ಲೋಹಿತಾಶ್ವರ ಜೊತೆಗೆ ಕಾಶಿಯವರೆಗೂ ಇವನು ನಡೆಯುತ್ತಾನೆ. ಅವರು ಉಣ್ಣದಿದ್ದರೆ ಇವನಿಗೂ ಊಟವಿಲ್ಲ, ಅವರ ಕಾಲಿಗೆ ಚುಚ್ಚುವ ಮುಳ್ಳು ಇವನ ಕಾಲಿಗೂ ಚುಚ್ಚುತ್ತದೆ. ಆದರೂ ಅಧಿಕಾರ ಬಿಡುವುದಿಲ್ಲ. ನಡೆಯಲಾರೆನೆಂದು ಕುಳಿತುಬಿಡುತ್ತಾನೆ, ಅವಧಿ ಮೀರುತ್ತಿದೆಯೆಂದು ಮರುಗಳಿಗೆಯೇ ಗದರಿಸುತ್ತಾನೆ. ಗುರು ಒಪ್ಪಿಸಿದ ಕೆಲಸ ಸಾಲ ವಸೂಲಿ. ಗುರುವಿನ ಮನಸ್ಸಿನಲ್ಲಿರುವುದು ಅರಸನ ಬಾಯಿಂದ ಒಂದು ಸುಳ್ಳು ಹೊರಡಿಸುವುದು. ನಕ್ಷತ್ರಕನು ಎರಡನ್ನೂ ಒಟ್ಟಿಗೆ ಸಾಧಿಸಹೊರಟು ಕಾಟದಲ್ಲಿ ಗುರುವನ್ನೂ ಮೀರಿಸುತ್ತಾನೆ. ಕ್ರೌರ್ಯ ಮತ್ತು ನಗೆ ಇಷ್ಟು ಹತ್ತಿರ ಬರುವ ಸನ್ನಿವೇಶ ಹಳೆಯ ಕನ್ನಡ ಕಾವ್ಯದಲ್ಲಿ ವಿರಳ. ಗುರುವಿನ ಮಾತು ಮೀರಿದ ಕವಿಯೊಬ್ಬನು ಗುರುವಿನ ಮಾತನ್ನು ಅತಿಯಾಗಿ ಪಾಲಿಸುವ ಶಿಷ್ಯನನ್ನು ಹೀಗೆ ಚಿತ್ರಿಸಿದ್ದಾನೆಂಬುದನ್ನು ಓದುಗರು ಗಮನಿಸದೆ ಇರಲಾರರು.

ಕಾಶಿಯಲ್ಲಿ ಮಡದಿ ಮಗನನ್ನು ಬ್ರಾಹ್ಮಣನೊಬ್ಬನಿಗೆ ಮಾರಿ, ಹರಿಶ್ಚಂದ್ರನು ಸುಡುಗಾಡಿನ ಒಡೆಯನಾದ ವೀರಬಾಹುಕನಿಗೆ ತನ್ನನ್ನು ಮಾರಿಕೊಳ್ಳುತ್ತಾನೆ. ಅನಾಮಿಕ ಕನ್ಯೆಯರನ್ನು ಕುಲದ ನೆಪದಲ್ಲಿ ದೂರವಿಟ್ಟವನು ಅದೇ ಕುಲದ ಯಜಮಾನನ ಆಳಾಗುತ್ತಾನೆ; ಈ ತಿರುವನ್ನು ಕವಿ ವ್ಯಾಖ್ಯಾನವಿಲ್ಲದೆ ಹಾಗೆಯೇ ಇಟ್ಟಿದ್ದಾನೆ. ಹಾವು ಕಚ್ಚಿ ಸತ್ತ ಮಗನ ಶವವನ್ನು ಹೊತ್ತು ಚಂದ್ರಮತಿ ಸ್ಮಶಾನಕ್ಕೆ ಬರುವುದು, ಕಾವಲುಗಾರನಾದ ಪತಿ ಸುಂಕ ಕೇಳುವುದು, ಶಿಶುಹತ್ಯೆಯ ಆರೋಪ ಹೊತ್ತ ಅವಳನ್ನು ಅವನೇ ಕಡಿಯಲು ಕತ್ತಿ ಎತ್ತುವುದು, ಆಗ ವಿಶ್ವನಾಥನು ಪ್ರತ್ಯಕ್ಷನಾಗುವುದು ಕನ್ನಡ ನಾಡಿನಲ್ಲಿ ತಿಳಿಯದವರಿಲ್ಲದ ಭಾಗ.

ಇತರ ಕೃತಿಗಳು ಮತ್ತು ಛಂದಸ್ಸು

‘ಸಿದ್ಧರಾಮ ಚರಿತ್ರೆ’ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಜೀವನವನ್ನು ಹೇಳುತ್ತದೆ. ಹೊಲ ಕಾಯುತ್ತಿದ್ದ ಬಾಲಕನ ಬಳಿ ಮಲ್ಲಯ್ಯನೆಂಬವನು ಬರುತ್ತಾನೆ. ಅವನು ಕೇಳಿದ ಉಣಿಸನ್ನು ತರಲು ಮನೆಗೆ ಓಡಿದ ಹುಡುಗ ಮರಳುವಷ್ಟರಲ್ಲಿ ಅವನಿರುವುದಿಲ್ಲ. ಅವನನ್ನು ಹುಡುಕುತ್ತ ಹುಡುಗನು ಯಾತ್ರಿಕರ ಜೊತೆ ಶ್ರೀಶೈಲಕ್ಕೆ ಹೋಗಿ, ಲಿಂಗದಲ್ಲಿ ತನ್ನ ಮಲ್ಲಯ್ಯನನ್ನು ಕಾಣದೆ ಅಳುವ ಭಾಗದ ಸರಳತೆ ‘ಹರಿಶ್ಚಂದ್ರ ಕಾವ್ಯ’ದಲ್ಲಿಯೂ ಇಲ್ಲ. ‘ಸೋಮನಾಥ ಚರಿತೆ’ ಸೌರಾಷ್ಟ್ರದ ವರ್ತಕ ಆದಯ್ಯನು ಪುಲಿಗೆರೆಗೆ ಸೋಮನಾಥನನ್ನು ತಂದ ಕಥೆ. ಜೈನ ಶೈವ ಸಂಘರ್ಷದ ಉಗ್ರತೆ ಅದರಲ್ಲಿದೆ. ದಕ್ಷಯಜ್ಞದ ಧ್ವಂಸವನ್ನು ಕುರಿತ ‘ವೀರೇಶ ಚರಿತೆ’ ಉದ್ದಂಡ ಷಟ್ಪದಿಯ ಚಿಕ್ಕ ಕೃತಿ.

ವಾರ್ಧಕ ಷಟ್ಪದಿಯಲ್ಲಿ ಐದು ಮಾತ್ರೆಗಳ ಗಣಗಳಿರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 20 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ ತಲಾ 32. ಒಬ್ಬರ ಮಾತಿಗೆ ಇನ್ನೊಬ್ಬರು ಥಟ್ಟನೆ ಎದುರುತ್ತರ ಕೊಡುವ ಸಂಭಾಷಣೆಯನ್ನು ರಾಘವಾಂಕನು ಈ ಬಂಧದಲ್ಲಿ ಅಡಗಿಸಿದ ರೀತಿಯಿಂದಾಗಿ ಅವನನ್ನು ನಾಟಕೀಯ ಪ್ರತಿಭೆಯ ಕವಿಯೆಂದು ವಿಮರ್ಶಕರು ಗುರುತಿಸುತ್ತಾರೆ. ಮುಂದೆ ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’, ಲಕ್ಷ್ಮೀಶನ ‘ಜೈಮಿನಿ ಭಾರತ’ ಇದೇ ಛಂದಸ್ಸಿನಲ್ಲಿ ರಚಿತವಾದವು.

ಕೊನೆಯ ದಿನಗಳು

ರಾಘವಾಂಕನು ಓರಂಗಲ್ಲಿಗೆ ಹೋಗಿ ಕಾಕತೀಯ ಅರಸ ರುದ್ರನ ಆಸ್ಥಾನದ ಕವಿಗಳನ್ನು ಗೆದ್ದನೆಂದು ಐತಿಹ್ಯವಿದೆ. ಬಾಳಿನ ಕೊನೆಯಲ್ಲಿ ಬೇಲೂರಿನಲ್ಲಿ ನೆಲೆಸಿ ಅಲ್ಲಿಯೇ ಐಕ್ಯನಾದನೆಂದು ಸಂಪ್ರದಾಯ ಹೇಳುತ್ತದೆ.

ಪ್ರಭಾವ

ತ.ಸು. ವೆಂಕಣ್ಣಯ್ಯ ಮತ್ತು ಎ.ಆರ್. ಕೃಷ್ಣಶಾಸ್ತ್ರಿಗಳು ಸಿದ್ಧಪಡಿಸಿದ ‘ಹರಿಶ್ಚಂದ್ರ ಕಾವ್ಯ ಸಂಗ್ರಹ’ದಿಂದ ಈ ಕೃತಿ ಸಾಮಾನ್ಯ ಓದುಗರನ್ನೂ ವಿದ್ಯಾರ್ಥಿಗಳನ್ನೂ ತಲುಪಿತು. ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಯಲ್ಲಿ 2017ರಲ್ಲಿ ಪ್ರಕಟವಾಯಿತು. ಹರಿಶ್ಚಂದ್ರನ ಕಥೆ ಬಯಲಾಟಕ್ಕೂ ಕಂಪನಿ ನಾಟಕಕ್ಕೂ ಸದಾ ಒದಗಿದ ವಸ್ತು. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರಕ್ಕೆ ಆರಿಸಿಕೊಂಡದ್ದೂ ಇದನ್ನೇ. ಕನ್ನಡದಲ್ಲಿ 1943ರಲ್ಲಿ ಒಮ್ಮೆ, 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಇನ್ನೊಮ್ಮೆ ‘ಸತ್ಯ ಹರಿಶ್ಚಂದ್ರ’ ತೆರೆಗೆ ಬಂದಿತು. ಎರಡನೆಯದರಲ್ಲಿ ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ. ನಕ್ಷತ್ರಿಕನಾಗಿ ಕಾಣಿಸಿಕೊಂಡವರು ಹಾಸ್ಯನಟ ನರಸಿಂಹರಾಜು. ಕಾವ್ಯ ಓದದ ತಲೆಮಾರುಗಳಿಗೆ ನಕ್ಷತ್ರಿಕನೆಂದರೆ ಅವರ ಮುಖವೇ.